ಊರಿನ ಚರ್ಚ್ ದುರಸ್ತಿಗೆ ದೂರದ ನಡಿಗೆ: ಅಲ್ ಖೌದ್‌ನ ಕನ್ನಡ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಅಲ್ ಖೌದ್ (ಒಮಾನ್): ನವೆಂಬರ್ ತಿಂಗಳು ಬಂತೆಂದರೆ ಅಲ್ ಖೌದ್‌ನ ಸಂಜೆಗಳು ನಡಿಗೆಗೆ ಹೇಳಿ ಮಾಡಿಸಿದಂತಿರುತ್ತವೆ. ಬೇಸಿಗೆಯಿಡೀ ಏಸಿ ಕೋಣೆಯಲ್ಲಿ ಕುಳಿತವರೆಲ್ಲ ಮಕ್ಕಳು ಮರಿಗಳೊಂದಿಗೆ ಹೊರಗೆ ಬರುತ್ತಾರೆ. ಇದೇ ಹೊತ್ತಿಗೆ ಊರಿನಿಂದಲೂ ಸುದ್ದಿಗಳು ಬರತೊಡಗುತ್ತವೆ. ಮಳೆಗಾಲ ಮುಗಿದಿದೆ, ಚರ್ಚ್‌ನ ಮಾಡು ಸೋರಿದೆ, ಪಕಾಸಿಗೆ ಗೆದ್ದಲು ಹಿಡಿದಿದೆ, ಗೋಡೆಯ ಗಾರೆ ಉದುರುತ್ತಿದೆ, ಪರದೇಶದಲ್ಲಿರುವವರು ಏನಾದರೂ ಸಹಾಯ ಮಾಡಬಹುದೇ ಎಂಬ ಕೇಳಿಕೆ. ಈ ಎರಡೂ ಸೇರಿದಾಗ ಯಾರಿಗಾದರೂ ಹೊಳೆಯುವ ಆಲೋಚನೆ ಒಂದೇ: "ನಾವೆಲ್ಲ ಸೇರಿ ಒಂದು ದೊಡ್ಡ ನಡಿಗೆ ಮಾಡಿ ಹಣ ಕೂಡಿಸಿದರೆ ಹೇಗೆ?"

ಆಲೋಚನೆ ಒಳ್ಳೆಯದೇ. ಪ್ರಪಂಚದ ಹಲವು ಕಡೆ ಹೀಗೆ ನಡೆದೇ ಹಳೆಯ ಚರ್ಚ್‌ಗಳ ಮಾಡು, ಗೋಪುರ, ಗಂಟೆಗಳನ್ನು ಉಳಿಸಿಕೊಂಡಿದ್ದಾರೆ. ಆದರೆ ಇಂಗ್ಲೆಂಡಿನ ಹಳ್ಳಿಯಲ್ಲಿ ಸಲೀಸಾಗಿ ನಡೆಯುವ ಕೆಲಸ ಒಮಾನ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಇಲ್ಲಿ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದು ಅಪರಾಧ. ಅತ್ತ ಭಾರತದಲ್ಲೂ ವಿದೇಶದಿಂದ ಬರುವ ದೇಣಿಗೆಗೆ ಕಟ್ಟುನಿಟ್ಟಿನ ಕಾನೂನಿದೆ. ತಿಳಿಯದೆ ಮಾಡಿದ ಒಳ್ಳೆಯ ಕೆಲಸ ನಮ್ಮ ಕೆಲಸಕ್ಕೂ ವೀಸಾಕ್ಕೂ ಕುತ್ತು ತರಬಹುದು, ಊರಿನ ಚರ್ಚ್‌ನ ಆಡಳಿತವನ್ನೂ ತೊಂದರೆಗೆ ಸಿಲುಕಿಸಬಹುದು. ಆದ್ದರಿಂದ ಇಂಥ ನಡಿಗೆ ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ಅಲ್ ಖೌದ್‌ನಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಚರ್ಚ್ ಎಂದು ಬರೆದಿದ್ದರೂ ಊರಿನ ದೇವಸ್ಥಾನ, ಮಸೀದಿ, ಬಸದಿಗಳ ಜೀರ್ಣೋದ್ಧಾರಕ್ಕೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ನಡಿಗೆಯಿಂದ ಹಣ ಬರುವುದು ಹೇಗೆ?

ನಡೆಯುವುದರಿಂದ ಹಣ ಹುಟ್ಟುವುದಿಲ್ಲ, ಮಾತು ಕೊಡುವುದರಿಂದ ಹುಟ್ಟುತ್ತದೆ. "ನಾನು ಇಷ್ಟು ದೂರ ನಡೆಯುತ್ತೇನೆ, ಪ್ರತಿ ಕಿಲೋಮೀಟರ್‌ಗೆ ನೀವು ಇಷ್ಟು ಕೊಡಿ" ಎಂದು ನಡೆಯುವವರು ಬಂಧುಮಿತ್ರರನ್ನು ಕೇಳುತ್ತಾರೆ. ಒಪ್ಪಿದವರ ಹೆಸರು ಮತ್ತು ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ನಡಿಗೆ ಮುಗಿದ ಮೇಲೆ ಲೆಕ್ಕ ಹಾಕಿ ಹಣ ಪಡೆದು ಸಂಸ್ಥೆಗೆ ಒಪ್ಪಿಸುತ್ತಾರೆ. ಹತ್ತು ಜನ ಕಿಲೋಮೀಟರ್‌ಗೆ ಹತ್ತು ರೂಪಾಯಿಯಂತೆ ಒಪ್ಪಿದರೆ, ಐವತ್ತು ಕಿಲೋಮೀಟರ್ ನಡೆದವರ ಹಾಳೆಯಲ್ಲಿ ಐದು ಸಾವಿರ ರೂಪಾಯಿ ಆಗುತ್ತದೆ. ಇಂಥ ಇಪ್ಪತ್ತು ಜನ ನಡೆದರೆ ಒಂದು ಲಕ್ಷ.

ಚರ್ಚ್ ದುರಸ್ತಿಗೇ ಮೀಸಲಾದ ಇಂಥ ನಡಿಗೆಗೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ 'ರೈಡ್ ಅಂಡ್ ಸ್ಟ್ರೈಡ್'. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಎರಡನೆಯ ಶನಿವಾರ ಅಲ್ಲಿನ ಅನೇಕ ಜಿಲ್ಲೆಗಳಲ್ಲಿ ಜನ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಒಂದು ಚರ್ಚ್‌ನಿಂದ ಇನ್ನೊಂದಕ್ಕೆ ಹೋಗುತ್ತಾರೆ. ಹೋದಲ್ಲೆಲ್ಲ ಬಾಗಿಲು ತೆರೆದಿರುತ್ತದೆ, ಕುಡಿಯಲು ನೀರು, ಹಣ್ಣಿನ ರಸ ಇಟ್ಟಿರುತ್ತಾರೆ, ಹಾಳೆಯ ಮೇಲೆ ಸಹಿ ಹಾಕಿ ಕಳಿಸುತ್ತಾರೆ. ಬಂದ ಹಣದಲ್ಲಿ ಸಾಮಾನ್ಯವಾಗಿ ಅರ್ಧ ಭಾಗ ಜಿಲ್ಲೆಯ ಹಳೆಯ ಚರ್ಚ್‌ಗಳ ಟ್ರಸ್ಟ್‌ಗೆ ಹೋಗುತ್ತದೆ, ಉಳಿದರ್ಧ ನಡೆದವರು ಹೆಸರಿಸಿದ ಚರ್ಚ್‌ಗೆ. ಈ ಹಂಚಿಕೆಯಲ್ಲಿ ಒಂದು ಜಾಣ್ಮೆಯಿದೆ. ಜನ ಹೆಚ್ಚಿರುವ ಚರ್ಚ್ ತನ್ನ ಪಾಲನ್ನು ತಾನೇ ಗಳಿಸಿಕೊಳ್ಳುತ್ತದೆ. ನಡೆಯಲು ಜನರೇ ಇಲ್ಲದ ಬಡ ಹಳ್ಳಿಯ ಚರ್ಚ್‌ಗೆ ಟ್ರಸ್ಟ್‌ನ ಪಾಲಿನಿಂದ ನೆರವು ಸಿಗುತ್ತದೆ.

ದೂರ ಎಷ್ಟು ಎಂಬುದಕ್ಕಿಂತ ನಡೆಯುವವರ ಕಷ್ಟ ಎಷ್ಟು ಎಂಬುದು ಜನರ ಮನಸ್ಸನ್ನು ಮುಟ್ಟುತ್ತದೆ. 1980ರಲ್ಲಿ ಕೆನಡಾದ ಟೆರಿ ಫಾಕ್ಸ್ ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡಿದ್ದರೂ ಕೃತಕ ಕಾಲಿನಲ್ಲಿ 143 ದಿನ ಓಡಿ 5,373 ಕಿಲೋಮೀಟರ್ ಕ್ರಮಿಸಿದರು. ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ 2020ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬುವ ಮುನ್ನ, ಊರುಗೋಲಿನ ಬಂಡಿ ಹಿಡಿದು ತಮ್ಮ ಮನೆಯಂಗಳದಲ್ಲಿಯೇ ನೂರು ಸುತ್ತು ನಡೆದರು. ಸುತ್ತೊಂದಕ್ಕೆ ಇಪ್ಪತ್ತೈದು ಮೀಟರ್ ಅಷ್ಟೇ. ಸಾವಿರ ಪೌಂಡ್ ಕೂಡಿಸುವ ಆಸೆಯಿಂದ ಹೊರಟವರಿಗೆ ಮೂರು ಕೋಟಿ ಪೌಂಡ್‌ಗೂ ಮೀರಿ ಬಂತು, ಅದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ದತ್ತಿ ಸಂಸ್ಥೆಗಳಿಗೆ ಸಂದಿತು.

ಆ ಕಥೆಗೆ ಒಂದು ಎಚ್ಚರಿಕೆಯ ಬಾಲವೂ ಇದೆ. ಅವರ ಹೆಸರಿನಲ್ಲಿ ನಂತರ ಕುಟುಂಬದವರು ನಡೆಸಿದ ಬೇರೊಂದು ಪ್ರತಿಷ್ಠಾನದ ಬಗ್ಗೆ ಬ್ರಿಟನ್ನಿನ ಚಾರಿಟಿ ಕಮಿಷನ್ ತನಿಖೆ ನಡೆಸಿ, ಕುಟುಂಬದವರಿಗೆ ಖಾಸಗಿ ಲಾಭವಾಗಿದೆ ಎಂದು 2024ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಮೊದಲು ಕೂಡಿದ ಆ ದೊಡ್ಡ ನಿಧಿ ತನಿಖೆಗೆ ಒಳಪಟ್ಟಿರಲಿಲ್ಲ. ಆದರೂ ಜನರ ಮನಸ್ಸಿನಲ್ಲಿ ಎರಡೂ ಬೆರೆತುಹೋದವು. ನೂರು ಸುತ್ತಿನಿಂದ ಗಳಿಸಿದ ಹೆಸರಿಗೆ ಲೆಕ್ಕಪತ್ರದ ಗೋಜಲಿನಿಂದ ಮಸಿ ಹತ್ತಿತು.

ನಮ್ಮಲ್ಲಿಯ ನಡಿಗೆ

ನಡೆದು ಹೋಗುವುದು ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದಿಂದ ಯುಗಾದಿಯ ಹೊತ್ತಿಗೆ ಸಾವಿರಾರು ಭಕ್ತರು ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ಪಾದಯಾತ್ರೆ ಹೋಗುತ್ತಾರೆ. ಶಿವರಾತ್ರಿಗೆ ಮುನ್ನ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುವವರಿದ್ದಾರೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ. ಆದರೆ ಹರಕೆಯ ನಡಿಗೆಗೂ ದೇಣಿಗೆಯ ನಡಿಗೆಗೂ ಒಂದು ವ್ಯತ್ಯಾಸವಿದೆ. ಹರಕೆಯಲ್ಲಿ ಮಾತು ಕೊಟ್ಟವರೂ ನಡೆಯುವವರೂ ಒಬ್ಬರೇ, ಲೆಕ್ಕ ದೇವರ ಮುಂದೆ. ದೇಣಿಗೆಯ ನಡಿಗೆಯಲ್ಲಿ ನಡೆಯುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಖರ್ಚು ಮಾಡುವವರು ಮತ್ತೊಬ್ಬರು. ಆದ್ದರಿಂದ ಲೆಕ್ಕ ಎಲ್ಲರ ಮುಂದೆ ಇರಬೇಕಾಗುತ್ತದೆ.

ನಡೆದು ಬೇಡಿದವರಲ್ಲಿ ನಮ್ಮ ದೇಶದ ದೊಡ್ಡ ಹೆಸರು ವಿನೋಬಾ ಭಾವೆಯವರದು. 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನ ಆರಂಭಿಸಿದ ಅವರು ವರ್ಷಗಟ್ಟಲೆ ನಡೆದರು. 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಕುರಿತು ನಡೆದ ಸಮ್ಮೇಳನಕ್ಕೆ ದೇಶದ ಹಿರಿಯ ನಾಯಕರೆಲ್ಲ ಬಂದಿದ್ದರು. ಅವರ ಪಾದಗಳ ಮುಂದೆ ಲಕ್ಷಾಂತರ ಎಕರೆ ಭೂಮಿಯ ಮಾತು ಬಂತು. ಆದರೆ ಮಾತಾಗಿ ಬಂದ ಭೂಮಿಯಲ್ಲಿ ಬಹಳಷ್ಟು ಬಡವರ ಕೈಗೆ ಸೇರಲೇ ಇಲ್ಲ. ಕೆಲವು ಜಮೀನು ವ್ಯಾಜ್ಯದಲ್ಲಿತ್ತು, ಕೆಲವು ಉಳಲು ಬಾರದ ನೆಲ, ಕೆಲವಕ್ಕೆ ಕಾಗದಪತ್ರವೇ ಆಗಲಿಲ್ಲ. ಉತ್ಸಾಹದಲ್ಲಿ ಕೊಟ್ಟ ಮಾತು ಕೆಲಸವಾಗಿ ಮುಗಿಯಬೇಕಾದರೆ ಹಿಂದೆ ಕಾಗದ, ಕಾನೂನು, ಬೆನ್ನುಹತ್ತುವ ಜನ ಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ.

ದುರಸ್ತಿ ಎಂದರೆ ಏನು ದುರಸ್ತಿ?

ಹಣ ಕೂಡಿಸುವ ಮೊದಲು ಯಾವ ಕೆಲಸಕ್ಕೆ ಎಂಬುದು ಗೊತ್ತಿರಬೇಕು. 'ಚರ್ಚ್ ದುರಸ್ತಿ' ಎಂಬುದು ತೀರ ಅಗಲವಾದ ಮಾತು.

ಕರಾವಳಿಯ ಹಳೆಯ ಚರ್ಚ್‌ಗಳನ್ನು ಸಾಮಾನ್ಯವಾಗಿ ಕೆಂಪು ಮುರಕಲ್ಲು, ಸುಣ್ಣದ ಗಾರೆ, ಮರದ ತೊಲೆ ಪಕಾಸು ಮತ್ತು ಮಂಗಳೂರು ಹಂಚಿನಿಂದ ಕಟ್ಟಿದ್ದಾರೆ. ಆ ಹಂಚಿಗೂ ಚರ್ಚ್‌ಗೂ ನಂಟಿದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದವರು ಬಾಸೆಲ್ ಮಿಷನ್ನಿನವರು. ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್, ಮಂಗಳೂರಿನಲ್ಲಿ 3,500 ಮಿಲಿಮೀಟರ್‌ಗೂ ಹೆಚ್ಚು. ಅಷ್ಟು ಮಳೆಗೆ ಒಂದು ಹಂಚು ಸರಿದರೂ ಸಾಕು. ನೀರು ರೀಪಿಗೆ ಇಳಿಯುತ್ತದೆ, ಅಲ್ಲಿಂದ ಪಕಾಸಿಗೆ, ತೊಲೆಗೆ. ಒದ್ದೆ ಮರಕ್ಕೆ ಗೆದ್ದಲು ಹತ್ತುತ್ತದೆ. ತೊಲೆ ಬಾಗಿದರೆ ಗೋಡೆಯ ತಲೆ ಹೊರಕ್ಕೆ ತಳ್ಳಲ್ಪಡುತ್ತದೆ. ಮೊದಲ ವರ್ಷ ನಾಲ್ಕು ಹಂಚು ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಹತ್ತು ವರ್ಷ ಬಿಟ್ಟರೆ ಇಡೀ ಮಾಡನ್ನೇ ಇಳಿಸುವ ಕೆಲಸವಾಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಸಿಮೆಂಟಿನದು. ಮುರಕಲ್ಲು ನೀರು ಹೀರಿ ಮತ್ತೆ ಬಿಡುವ ಕಲ್ಲು, ಸುಣ್ಣದ ಗಾರೆ ಅದಕ್ಕೆ ಎಡೆ ಕೊಡುತ್ತದೆ. ಅದನ್ನು ಕೆತ್ತಿ ಸಿಮೆಂಟ್ ಬಳಿದರೆ ಗೋಡೆಯೊಳಗಿನ ತೇವ ಹೊರಬರಲಾಗದೆ ಒಳಗೇ ಉಳಿಯುತ್ತದೆ. ನೋಡಲು ಹೊಸದಾಗಿ ಕಂಡರೂ ಕೆಲವೇ ವರ್ಷಗಳಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ, ಕಲ್ಲು ಪುಡಿಯಾಗುತ್ತದೆ. ಪರದೇಶದ ಹಣ ಬಂತೆಂದು ಹಳೆಯದನ್ನೆಲ್ಲ ಕೆಡವಿ ಕಾಂಕ್ರೀಟ್ ಹಾಕುವುದಕ್ಕಿಂತ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕುವುದು ಎಷ್ಟೋ ಸಲ ಒಳ್ಳೆಯದು.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಇಟಲಿಯ ಆಂಟೋನಿಯೊ ಮೊಸ್ಕೇನಿಯವರು ಅದರ ಗೋಡೆ ಮಾಡುಗಳ ಮೇಲೆ ಚಿತ್ರ ಬರೆದದ್ದು 1899ರಿಂದೀಚೆಗೆ. ತೇವದಿಂದ ಕೆಡುತ್ತಿದ್ದ ಆ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ವರ್ಷಗಟ್ಟಲೆ ಕೆಲಸ ಮಾಡಿ ಉಳಿಸಿದರು. ಇದಕ್ಕೆ ಎದುರಾಗಿ ನಿಲ್ಲುವುದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಸರಿ ಚರ್ಚ್. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಚರ್ಚ್, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಊರಿನವರು ಬೇರೆಡೆಗೆ ಹೋದರು. ನೀರು ತುಂಬಿದಾಗ ಮುಳುಗುತ್ತಾ, ಇಳಿದಾಗ ಏಳುತ್ತಾ ಇರುವ ಆ ಕಟ್ಟಡವನ್ನು ನೋಡಲು ಪ್ರವಾಸಿಗರು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಆದರೆ ಗೋಡೆಗಳು ಒಂದೊಂದಾಗಿ ಬೀಳುತ್ತಿವೆ. ಕಟ್ಟಡ ಉಳಿಯಲು ಪ್ರತಿ ಮಳೆಗಾಲದ ಮುಂಚೆ ಮಾಡು ಹತ್ತಿ ನೋಡುವ ಊರಿನವರು ಬೇಕು. ಹಣ ಅವರ ಕೈಗೆ ಬಲ ಕೊಡುತ್ತದೆ, ಅವರ ಬದಲಿಗೆ ನಿಲ್ಲಲಾರದು.

ಒಮಾನ್‌ನಲ್ಲಿ ಚರ್ಚ್, ಒಮಾನ್‌ನ ಕಾನೂನು

ಇನ್ನು ನಮ್ಮ ಅಲ್ ಖೌದ್‌ಗೆ ಬರೋಣ. 1986ರಲ್ಲಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ ಇಲ್ಲಿ ಆರಂಭವಾಯಿತು. ಅಲ್ ಖೌದ್‌ನಲ್ಲಿ ನೆಲೆಸಿರುವ ಕ್ರೈಸ್ತ ಕುಟುಂಬಗಳು ಪ್ರಾರ್ಥನೆಗೆ ಹೋಗುವುದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಘಾಲಾಕ್ಕೆ ಅಥವಾ ಇನ್ನೂ ಆಚೆಯ ರೂವಿಗೆ. ರೂವಿಯ ಚರ್ಚ್‌ಗಳಿಗೆ 1970ರ ದಶಕದಲ್ಲಿ ಜಾಗ ಕೊಟ್ಟವರು ಆಗಿನ ಸುಲ್ತಾನ್ ಖಾಬೂಸ್ ಅವರೇ. ಇದನ್ನು ಓದಿದಾಗ ಮೈಸೂರಿನವರಿಗೆ ಸಂತ ಫಿಲೋಮಿನಾ ಚರ್ಚ್ ನೆನಪಾಗದಿರದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಅಲ್ಲಿ ಮೊದಲ ಚರ್ಚ್ ಎದ್ದಿತು. ಈಗಿರುವ ದೊಡ್ಡ ಚರ್ಚ್‌ಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೇರೆ ಧರ್ಮದ ಅರಸರ ಔದಾರ್ಯದ ನೆರಳಲ್ಲಿ ನಿಂತ ಪ್ರಾರ್ಥನಾಲಯಗಳು ಎರಡೂ ಕಡೆ ಇವೆ.

ಈ ಔದಾರ್ಯದ ಜೊತೆಗೆ ಒಂದು ಮರ್ಯಾದೆಯೂ ಇದೆ. ಸಾರ್ವಜನಿಕ ಶಿಸ್ತಿಗೆ ಧಕ್ಕೆಯಾಗದಂತೆ ತಮ್ಮ ತಮ್ಮ ಧಾರ್ಮಿಕ ಆಚರಣೆ ನಡೆಸಲು ಒಮಾನ್‌ನ ಮೂಲ ಕಾನೂನು ಅವಕಾಶ ಕೊಟ್ಟಿದೆ. ಆದರೆ ಮುಸ್ಲಿಮೇತರರ ಸಾಮೂಹಿಕ ಪ್ರಾರ್ಥನೆ ಸರ್ಕಾರ ಒಪ್ಪಿದ ಆವರಣಗಳ ಒಳಗೇ ನಡೆಯಬೇಕು. ಶಿಲುಬೆ, ಧ್ವಜ, ಭಜನೆಯೊಂದಿಗೆ ಅಲ್ ಖೌದ್‌ನ ಬೀದಿಯಲ್ಲಿ ಮೆರವಣಿಗೆಯಂತೆ ಹೋಗುವುದು ಸಾಧ್ಯವಿಲ್ಲ. ಯಾವ ಧರ್ಮದ್ದೂ ಅಲ್ಲದ ದೊಡ್ಡ ಗುಂಪಿನ ನಡಿಗೆಗೂ ಸಂಬಂಧಪಟ್ಟ ಇಲಾಖೆ ಮತ್ತು ಪೊಲೀಸರ ಅನುಮತಿ ಬೇಕು.

ಹಣದ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. ಯಾವ ಉದ್ದೇಶಕ್ಕೇ ಆಗಲಿ, ಸಂಬಂಧಪಟ್ಟ ಇಲಾಖೆಯ ಪರವಾನಗಿ ಇಲ್ಲದೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವುದು 2018ರಲ್ಲಿ ಜಾರಿಗೆ ಬಂದ ಒಮಾನ್ ದಂಡ ಸಂಹಿತೆಯ ಪ್ರಕಾರ ಜೈಲು ಮತ್ತು ದಂಡ ವಿಧಿಸಬಹುದಾದ ಅಪರಾಧ. ದತ್ತಿ ಕೆಲಸಗಳ ಉಸ್ತುವಾರಿ ಸಾಮಾಜಿಕ ಅಭಿವೃದ್ಧಿ ಸಚಿವಾಲಯದ್ದು. ರಸೀದಿ ಪುಸ್ತಕ ಹಿಡಿದು ಫ್ಲಾಟಿನಿಂದ ಫ್ಲಾಟಿಗೆ ಹೋಗುವುದಷ್ಟೇ ಸಂಗ್ರಹವಲ್ಲ. ವಾಟ್ಸಾಪ್ ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಿ "ದಯವಿಟ್ಟು ಸಹಾಯ ಮಾಡಿ" ಎಂದು ಹಂಚುವುದು, ಕಚೇರಿಯಲ್ಲಿ ಪಟ್ಟಿ ಓಡಾಡಿಸುವುದು, ವಿದೇಶಿ ಜಾಲತಾಣದಲ್ಲಿ ಮನವಿ ಹಾಕಿ ಇಲ್ಲಿನವರಿಗೆ ಕಳಿಸುವುದು ಕೂಡ ಅಪಾಯದ ಕೆಲಸವೇ. "ನಾವು ನಮ್ಮವರಲ್ಲೇ ಕೇಳಿದ್ದು" ಎಂಬ ಸಮಜಾಯಿಷಿಯನ್ನು ನಂಬಿ ಕೂರುವಂತಿಲ್ಲ. ಇದರಲ್ಲಿ ಬೇಸರಪಡುವಂಥದ್ದೂ ಇಲ್ಲ. ದಾನದ ಹೆಸರಿನಲ್ಲಿ ಮೋಸ ಆಗಬಾರದು, ಹಣ ತಪ್ಪು ಕೈಗೆ ಸೇರಬಾರದು ಎಂಬ ಉದ್ದೇಶದಿಂದ ಇಂಥ ಕಾನೂನು ಹಲವು ದೇಶಗಳಲ್ಲಿದೆ.

ದಾನಕ್ಕಾಗಿ ನಡೆಯುವ ಆಸೆಗೆ ಇಲ್ಲಿ ದಾರಿಯೇ ಇಲ್ಲವೆಂದಲ್ಲ. ಒಮಾನ್ ಕ್ಯಾನ್ಸರ್ ಅಸೋಸಿಯೇಷನ್‌ನಂಥ ಮಾನ್ಯತೆ ಪಡೆದ ಸಂಸ್ಥೆಗಳು ಮಸ್ಕತ್‌ನಲ್ಲಿ ನಡಿಗೆಗಳನ್ನು ನಡೆಸಿವೆ, ಅದರಲ್ಲಿ ಎಲ್ಲ ದೇಶದವರೂ ಹೆಜ್ಜೆ ಹಾಕಿದ್ದಾರೆ. ಅನ್ನ ಕೊಟ್ಟ ನಾಡಿಗೆ ಋಣ ತೀರಿಸಲು ಅಂಥ ನಡಿಗೆಯಲ್ಲಿ ಸೇರಬಹುದು. ಊರಿನ ಚರ್ಚ್‌ಗಾಗಿ ಮಾತ್ರ ಬೇರೆ ದಾರಿ ಹಿಡಿಯಬೇಕು.

ಭಾರತದ ಕಡೆಯ ಕಾನೂನು

ಊರಿನ ಚರ್ಚ್‌ಗೆ ವಿದೇಶದಿಂದ ಹಣ ಬಂದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಎದುರಾಗುತ್ತದೆ. ಇದರಲ್ಲಿ ನಮಗೆ ಮುಖ್ಯವಾದ ಅಂಶಗಳು ಇವು.

ಒಂದು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿ ಭಾರತೀಯರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸುವ ಕೊಡುಗೆಯನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಪಡೆಯುವ ಚರ್ಚ್ ಕೊಟ್ಟವರ ಪಾಸ್‌ಪೋರ್ಟ್ ವಿವರ ಪಡೆದು ಇಟ್ಟುಕೊಳ್ಳುವುದು ಒಳ್ಳೆಯದು.

ಎರಡು, ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದರೂ ಸರಿಯೇ, ಈ ಕಾಯ್ದೆಯ ದೃಷ್ಟಿಯಲ್ಲಿ ವಿದೇಶಿಯರು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಅಲ್ಲಿನ ಪೌರರಾದ ಅಣ್ಣ, ಅಕ್ಕ, ಚಿಕ್ಕಪ್ಪಂದಿರು ಕೊಡುವ ಹಣ ವಿದೇಶಿ ದೇಣಿಗೆಯಾಗುತ್ತದೆ. ನಿಮ್ಮ ಕಚೇರಿಯ ಒಮಾನಿ, ಫಿಲಿಪಿನೊ, ಬ್ರಿಟಿಷ್ ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟದ್ದೂ ಅಷ್ಟೇ.

ಮೂರು, ವಿದೇಶದಲ್ಲಿ ಸ್ಥಾಪಿತವಾದ ಸಂಘ, ಕಂಪನಿ, ಟ್ರಸ್ಟ್ ಕೊಟ್ಟರೆ ಅದರ ಸದಸ್ಯರೆಲ್ಲ ಕನ್ನಡಿಗರೇ ಆಗಿದ್ದರೂ ಅದು ವಿದೇಶಿ ಮೂಲ. ಆದ್ದರಿಂದ ಎಲ್ಲರ ಹಣವನ್ನು ಒಂದೇ ಖಾತೆಗೆ ಕೂಡಿಸಿ ಸಂಘದ ಹೆಸರಿನಲ್ಲಿ ಕಳಿಸುವುದು ಸರಳವಾಗಿ ಕಂಡರೂ ತೊಡಕಿನ ದಾರಿ.

ನಾಲ್ಕು, ವಿದೇಶಿ ದೇಣಿಗೆ ಪಡೆಯಬೇಕಾದರೆ ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು. ಚಿಕ್ಕ ಹಳ್ಳಿಯ ಚರ್ಚ್‌ಗೆ ಇಂಥ ನೋಂದಣಿ ಇರುವುದು ಅಪರೂಪ. ಇದ್ದರೆ ಅವರ ಧರ್ಮಪ್ರಾಂತ್ಯದ ಕಚೇರಿಯಲ್ಲಿ ವಿಚಾರಿಸಬೇಕು.

ಹಾಗಾದರೆ ಏನು ಮಾಡಬಹುದು?

ಎರಡೂ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಲ್ ಖೌದ್‌ನ ಕುಟುಂಬಕ್ಕೆ ಒಂದು ದಾರಿ ಸ್ಪಷ್ಟವಾಗಿ ತೆರೆದಿದೆ. ಬೇರೆಯವರನ್ನು ಕೇಳದೆ ನಡೆಯುವುದು. ನಡೆಯುವವರೂ ಕೊಡುವವರೂ ಒಂದೇ ಮನೆಯವರಾಗುವುದು. ಒಂದು ರೀತಿಯಲ್ಲಿ ಇದು ನಮ್ಮ ಹಳೆಯ ಹರಕೆಗೆ ಮರಳಿದಂತೆ.

ಉದಾಹರಣೆಗೆ ಒಂದು ಮನೆಯವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ನೂರು ಕಿಲೋಮೀಟರ್ ನಡೆಯಲು ನಿರ್ಧರಿಸುತ್ತಾರೆ ಎಂದುಕೊಳ್ಳಿ. ಸಂಜೆಗೆ ನಾಲ್ಕು ಕಿಲೋಮೀಟರ್‌ನಂತೆ ಇಪ್ಪತ್ತೈದು ಸಂಜೆಗಳಲ್ಲಿ ಮುಗಿಯುತ್ತದೆ. ಕಿಲೋಮೀಟರ್‌ಗೆ ಒಂದು ರಿಯಾಲ್ ಎಂದು ತಮ್ಮದೇ ಉಳಿತಾಯದಿಂದ ಎತ್ತಿಟ್ಟರೆ ಕೊನೆಗೆ ನೂರು ರಿಯಾಲ್. ಶಕ್ತಿಯಿದ್ದವರು ಹೆಚ್ಚು ಇಡಲಿ, ಇಲ್ಲದವರು ನೂರು ಬೈಸಾ ಇಡಲಿ. ಊರಿನಿಂದ ಒಂದು ಹಂಚಿನ ಬೆಲೆ ಕೇಳಿ ತಿಳಿದುಕೊಂಡರೆ ಮಕ್ಕಳಿಗೆ ಲೆಕ್ಕ ಇನ್ನೂ ರುಚಿಸುತ್ತದೆ. ಗೋಡೆಯ ಮೇಲೆ ಒಂದು ಮಾಡಿನ ಚಿತ್ರ ಬರೆದು, ನಡೆದಷ್ಟಕ್ಕೆ ಎಷ್ಟು ಹಂಚು ಬರುತ್ತದೋ ಅಷ್ಟಕ್ಕೆ ಬಣ್ಣ ತುಂಬಲಿ. ಅಜ್ಜ ಅಜ್ಜಿಯರ ಮದುವೆ ನಡೆದ, ಅಪ್ಪ ಅಮ್ಮಂದಿರ ನಾಮಕರಣ ಆದ ಕಟ್ಟಡದ ಮೇಲೆ ತಾನು ನಡೆದು ತಂದ ಹಂಚು ಇದೆ ಎಂಬುದು, ರಜೆಗೆ ಹದಿನೈದು ದಿನ ಮಾತ್ರ ಊರು ನೋಡುವ ಮಗುವಿಗೆ ಸಣ್ಣ ವಿಷಯವಲ್ಲ.

ಹಣ ಕಳಿಸುವಾಗ ಈ ಕ್ರಮ ಪಾಲಿಸಿ:

1. ಮೊದಲು ಧರ್ಮಗುರುಗಳಿಗೆ ಅಥವಾ ಪಾಲನಾ ಮಂಡಳಿಗೆ ಬರೆದು, ಯಾವ ದುರಸ್ತಿ, ಅಂದಾಜು ಎಷ್ಟು, ಅಂದಾಜು ಮಾಡಿದವರು ಯಾರು ಎಂದು ಲಿಖಿತವಾಗಿ ಕೇಳಿ.

2. ಚರ್ಚ್‌ನ ಅಧಿಕೃತ ಬ್ಯಾಂಕ್ ಖಾತೆಗೇ ಕಳಿಸಿ. ಯಾರದೇ ವೈಯಕ್ತಿಕ ಖಾತೆಗೆ, ಅವರು ಎಷ್ಟೇ ನಂಬಿಕಸ್ಥರಾದರೂ, ಕಳಿಸಬೇಡಿ.

3. ನಿಮ್ಮ ಸ್ವಂತ ಖಾತೆಯಿಂದ ಕಳಿಸಿ. ಗೆಳೆಯರ ಹಣವನ್ನು ನಿಮ್ಮ ಹಣದೊಡನೆ ಸೇರಿಸಬೇಡಿ. ಹುಂಡಿ, ಕೈಯಿಂದ ಕೈಗೆ ಹಣ ಸಾಗಿಸುವ ದಾರಿ ಬೇಡವೇ ಬೇಡ.

4. ಪಾಸ್‌ಪೋರ್ಟ್ ವಿವರ ಮತ್ತು "ಇದು ನನ್ನ ಸ್ವಂತ ಉಳಿತಾಯ, ಇಂಥ ದುರಸ್ತಿಗೆ" ಎಂಬ ಪತ್ರವನ್ನು ಜೊತೆಗೆ ಕಳಿಸಿ, ರಸೀದಿ ಪಡೆಯಿರಿ.

5. ಕೆಲಸ ಮುಗಿದ ಮೇಲೆ ಖರ್ಚಿನ ಲೆಕ್ಕವನ್ನು ಚರ್ಚ್‌ನ ಸೂಚನಾ ಫಲಕದಲ್ಲಿ ಹಾಕಲು ವಿನಂತಿಸಿ. ದಾನಿಗಳ ಹೆಸರಿನ ಅಮೃತಶಿಲೆ ಫಲಕಕ್ಕಿಂತ ಈ ಹಾಳೆ ಹೆಚ್ಚು ಬೆಲೆಯುಳ್ಳದ್ದು.

ದೂರದ ನಡಿಗೆಯೇ ಆಗಬೇಕು, ಹಲವರು ಸೇರಿಯೇ ಆಗಬೇಕು ಎನ್ನುವವರು ರಜೆಯಲ್ಲಿ ಊರಿಗೆ ಹೋದಾಗ ಮಾಡಬಹುದು. ಮಂಗಳೂರಿನಿಂದ ಕಾರ್ಕಳದ ಅತ್ತೂರಿಗೆ ಸುಮಾರು ಐವತ್ತು ಕಿಲೋಮೀಟರ್, ದಾರಿಯುದ್ದಕ್ಕೂ ಚರ್ಚ್‌ಗಳಿವೆ. ಎರಡು ಮೂರು ದಿನಗಳಲ್ಲಿ ಆರಾಮವಾಗಿ ನಡೆಯಬಹುದು. ಆದರೆ ಆಗ ನಡೆಸುವವರು ಊರಿನ ಚರ್ಚ್‌ನವರೇ ಆಗಿರಲಿ, ದೇಣಿಗೆ ಹಾಳೆ ಅವರದೇ ಆಗಿರಲಿ, ಸ್ಥಳೀಯ ಪೊಲೀಸರಿಗೆ ತಿಳಿಸಿರಲಿ. ನಾವು ನಡೆಯುವವರ ಸಾಲಿನಲ್ಲಿ ಒಬ್ಬರಾಗಿ ಸೇರಿದರೆ ಸಾಕು. ಮಳೆಗಾಲ ಮತ್ತು ಏಪ್ರಿಲ್ ಮೇ ತಿಂಗಳ ಸೆಕೆ ಎರಡನ್ನೂ ಬಿಟ್ಟು ಡಿಸೆಂಬರ್ ಜನವರಿಯಲ್ಲಿ ಇಟ್ಟುಕೊಂಡರೆ ಕ್ರಿಸ್ಮಸ್ ರಜೆಗೆ ಬಂದವರೂ ಸೇರಬಹುದು.

ಇಲ್ಲಿ ನಡೆಯುವಾಗ ಗಮನಿಸಬೇಕಾದ್ದು

ಒಮಾನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನೇ ನಿಷೇಧಿಸಿದ್ದಾರೆ ಎಂದರೆ ಇಲ್ಲಿನ ಬಿಸಿಲಿನ ಅಂದಾಜಾಗುತ್ತದೆ. ನಡಿಗೆಯ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಗಲೂ ಸೂರ್ಯ ಏರುವ ಮುನ್ನ ಅಥವಾ ಇಳಿದ ಮೇಲೆ ಹೊರಡುವುದು ಲೇಸು. ಬಾಯಾರಿಕೆ ಆಗುವವರೆಗೆ ಕಾಯದೆ ನೀರು ಕುಡಿಯುತ್ತಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ದೂರ ಹೆಚ್ಚಿಸಲಿ. ಹೊಸ ಬೂಟಿನಲ್ಲಿ ಮೊದಲ ದಿನವೇ ದೂರ ನಡೆದರೆ ಕಾಲು ಬೊಬ್ಬೆ ಏಳುವುದು ಖಂಡಿತ.

ವಾದಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಲ್ ಖೌದ್‌ನ ಮೇಲ್ಭಾಗದಲ್ಲಿ 1985ರಲ್ಲಿ ಕಟ್ಟಿದ ಉದ್ದನೆಯ ಅಣೆಕಟ್ಟು ಇದೆ. ಬೆಟ್ಟದಿಂದ ಇಳಿದು ಬರುವ ಪ್ರವಾಹದ ನೀರನ್ನು ತಡೆದು, ನಿಧಾನವಾಗಿ ನೆಲಕ್ಕೆ ಇಂಗಿಸಿ ಕರಾವಳಿಯ ಅಂತರ್ಜಲ ತುಂಬಿಸಲು ಕಟ್ಟಿದ್ದು. ಒಣಗಿ ಬಿದ್ದಿರುವ ವಾದಿಗೆ ಇಷ್ಟು ದೊಡ್ಡ ಕಟ್ಟೆ ಏಕೆ ಬೇಕಾಯಿತು ಎಂದು ಯೋಚಿಸಿದರೆ ಸಾಕು, ಅದರ ನೀರಿನ ಬಲ ಅರ್ಥವಾಗುತ್ತದೆ. ನಮ್ಮ ತಲೆಯ ಮೇಲೆ ಮೋಡ ಇಲ್ಲದಿದ್ದರೂ ಬೆಟ್ಟದಲ್ಲಿ ಮಳೆಯಾದರೆ ನೀರು ಹಠಾತ್ತನೆ ನುಗ್ಗಬಹುದು. ಹವಾಮಾನ ಎಚ್ಚರಿಕೆ ಇರುವ ದಿನ ಮಕ್ಕಳನ್ನು ವಾದಿಯ ಕಡೆಗೆ ಕರೆದೊಯ್ಯಲೇಬೇಡಿ.

ಕೊನೆಯದಾಗಿ

ದೊಡ್ಡ ಬ್ಯಾನರ್ ಹಿಡಿದು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ನೂರಾರು ಜನ ನಡೆದ ಫೋಟೋ ನೋಡಲು ಚೆಂದ. ಅಲ್ ಖೌದ್‌ನಿಂದ ಊರಿನ ಚರ್ಚ್‌ಗಾಗಿ ಅಂಥ ಫೋಟೋ ಸಿಗದಿರಬಹುದು. ಆದರೆ ಹತ್ತು ಮನೆಗಳು ಹತ್ತು ಸಂಜೆಗಳಲ್ಲಿ ಸದ್ದಿಲ್ಲದೆ ನಡೆದು, ತಮ್ಮ ತಮ್ಮ ಉಳಿತಾಯದಿಂದ ಕಳಿಸಿದ ಹಣ ಎರಡೂ ದೇಶದ ಕಾನೂನಿಗೆ ತಲೆಬಾಗಿಯೇ ಊರು ಸೇರುತ್ತದೆ. ಅದಕ್ಕೆ ಯಾರೂ ಯಾರಿಗೂ ಹೆದರಬೇಕಾಗಿಲ್ಲ, ಯಾರೂ ಯಾರನ್ನೂ ಅನುಮಾನಿಸಬೇಕಾಗಿಲ್ಲ. ಮುಂದಿನ ಜೂನ್‌ನಲ್ಲಿ ಊರಿನಲ್ಲಿ ಮೊದಲ ಮಳೆ ಬಿದ್ದಾಗ ಪೂಜೆಯ ನಡುವೆ ತಲೆಯ ಮೇಲೆ ನೀರು ತೊಟ್ಟಿಕ್ಕದಿದ್ದರೆ ಅಷ್ಟೇ ಸಾಕು.

ಹಣ ಕಳಿಸುವ ಮುನ್ನ ನಿಯಮಗಳು ಬದಲಾಗಿವೆಯೇ ಎಂದು ನಿಮ್ಮ ಬ್ಯಾಂಕಿನಲ್ಲೂ ಊರಿನ ಲೆಕ್ಕಪರಿಶೋಧಕರಲ್ಲೂ ಒಮ್ಮೆ ವಿಚಾರಿಸಿಕೊಳ್ಳಿ.